ಕಾಂಡ್ಲಾವನದಲ್ಲಿ ಇಂಗಾಲದ ಸಂಚಾರ: ಎಲೆ, ಕೆಸರು ಮತ್ತು ಉಬ್ಬರವಿಳಿತದ ಲೆಕ್ಕ

1. ಪೀಠಿಕೆ

‘ಇಂಗಾಲ’ ಎಂಬ ಶಬ್ದವನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಕೆಂಡ, ಇದ್ದಿಲು ಮತ್ತು ಅವುಗಳ ಮೂಲವಾದ ಕಟ್ಟಿಗೆ. ಸಂಸ್ಕೃತದ ‘ಅಂಗಾರ’ವು ಪ್ರಾಕೃತದ ದಾರಿಯಲ್ಲಿ ‘ಇಂಗಾಲ’ವಾಗಿ ನಮ್ಮಲ್ಲಿಗೆ ಬಂದು, ಮುಂದೆ ವಿಜ್ಞಾನದ ಪಾರಿಭಾಷಿಕ ಪದವಾಗಿ ನೆಲೆನಿಂತಿತು. ಆದರೆ ಪದದ ಹಳೆಯ ಚಿತ್ರ ಅದರ ಹೊಸ ಅರ್ಥಕ್ಕೂ ಅಂಟಿಕೊಂಡಿದೆ. ಕಾಡಿನ ಇಂಗಾಲವೆಂದರೆ ಮರದ ಇಂಗಾಲ. ಮರ ನಿಂತಿದ್ದರೆ ಇಂಗಾಲ ಭದ್ರ, ಮರ ಬಿದ್ದರೆ ನಷ್ಟ, ಮತ್ತೊಂದು ಮರ ನೆಟ್ಟರೆ ನಷ್ಟ ಭರ್ತಿ ಎಂಬ ಎಣಿಕೆ ಕಡತಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕಾಣಸಿಗುತ್ತದೆ. ಮಲೆನಾಡಿನ ಕಾಡಿನ ಮಟ್ಟಿಗೆ ಈ ಎಣಿಕೆ ಒಂದಿಷ್ಟು ಸಲ್ಲಬಹುದು. ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಒಳಹೊಕ್ಕು ಹೊರಹೋಗುವ ಕಾಂಡ್ಲಾವನದ ಮಟ್ಟಿಗೆ ಅದು ಸಲ್ಲದು.

ಕಾಂಡ್ಲಾವನದಲ್ಲಿ ಇಂಗಾಲವು ಗಾಳಿಯಿಂದ ಎಲೆಗೆ, ಎಲೆಯಿಂದ ಕೆಸರಿಗೆ, ಕೆಸರಿನಿಂದ ನೀರಿಗೆ, ನೀರಿನಿಂದ ಸಮುದ್ರಕ್ಕೆ ಅಥವಾ ಮರಳಿ ಗಾಳಿಗೆ ಹೇಗೆ ಸಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ. ಈ ವನದ ಇಂಗಾಲದ ಬಹುಭಾಗ ಇರುವುದು ಕೆಸರಿನಲ್ಲಿ, ಮತ್ತು ಅದರ ಒಂದು ದೊಡ್ಡ ಪಾಲು ಕಣ್ಣಿಗೆ ಕಾಣದಂತೆ ಕರಗಿ ಇಳಿತದ ನೀರಿನೊಡನೆ ಹರಿದುಹೋಗುತ್ತದೆ. ಆದಕಾರಣ ಮರಗಳನ್ನು ಎಣಿಸಿ ಮಾಡುವ ಯಾವ ಲೆಕ್ಕವೂ ಇಲ್ಲಿ ಅಪೂರ್ಣ. ಇದು ಈ ಲೇಖನದ ಪ್ರತಿಪಾದನೆ.

2. ಹೆಸರು ಮತ್ತು ನೆಲೆ

ನಮ್ಮ ಕರಾವಳಿಯಲ್ಲಿ ‘ಕಾಂಡ್ಲ’ ಎಂಬುದು ರೂಢಿಯ ಹೆಸರು. ಮಲಯಾಳದ ‘ಕಂಡಲ್’ ಮತ್ತು ಮರಾಠಿಯ ‘ಕಾಂದಳವನ’ ಇದಕ್ಕೆ ಧ್ವನಿಯಲ್ಲಿ ಸಮೀಪವಾಗಿವೆ. ಡಚ್ ಅಧಿಕಾರಿ ವಾನ್ ರೀಡ್ ಸಂಕಲಿಸಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದ ಮೂಲಕ ಇದೇ ಪದ ಯುರೋಪಿಗೆ ಹೋಗಿ, ಇಂದು ‘ಕಾಂಡೇಲಿಯಾ’ ಎಂಬ ಸಸ್ಯಕುಲದ ಶಾಸ್ತ್ರೀಯ ನಾಮದಲ್ಲಿ ಉಳಿದಿದೆ. ತಮಿಳರು ಇದನ್ನು ‘ಅಲೈಯಾತ್ತಿ ಕಾಡು’ ಎನ್ನುತ್ತಾರೆ. ಅಲೆಯನ್ನು ತಣಿಸುವ ಕಾಡು ಎಂದು ಅದಕ್ಕೆ ಅರ್ಥ ಹೇಳುವುದುಂಟು. ತೆಲುಗಿನಲ್ಲಿ ಅದು ‘ಮಡ ಅಡವಿ’.

ವಿಸ್ತಾರದ ದೃಷ್ಟಿಯಿಂದ ನೋಡಿದರೆ ಕರ್ನಾಟಕದ ಪಾಲು ಅತ್ಯಲ್ಪ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ 2021ರ ವರದಿಯಂತೆ ದೇಶದಲ್ಲಿ 4,992 ಚದರ ಕಿ.ಮೀ. ಕಾಂಡ್ಲಾವನವಿತ್ತು. ಇದರಲ್ಲಿ ಪಶ್ಚಿಮ ಬಂಗಾಳದ್ದು 2,114, ಗುಜರಾತಿನದು 1,175, ಆಂಧ್ರಪ್ರದೇಶದ್ದು 405, ಮಹಾರಾಷ್ಟ್ರದ್ದು 324, ತಮಿಳುನಾಡಿನದು 45, ಕರ್ನಾಟಕದ್ದು ಕೇವಲ 13 ಚದರ ಕಿ.ಮೀ. ಅಂದರೆ ಈ ವಿಷಯದಲ್ಲಿ ಆಸಕ್ತರಾದ ಕನ್ನಡ ಸಂಶೋಧಕರಲ್ಲಿ ಹೊರನಾಡಿನಲ್ಲಿ ನೆಲೆಸಿದವರು ಒಳನಾಡಿನವರಿಗಿಂತ ಹೆಚ್ಚು ಅನುಕೂಲದ ಸ್ಥಾನದಲ್ಲಿದ್ದಾರೆ. ಮುಂಬಯಿಯವರಿಗೆ ಥಾಣೆಯ ಖಾಡಿ ಮನೆಯ ಹಿತ್ತಲಲ್ಲೇ ಇದೆ. ಚೆನ್ನೈಯವರಿಗೆ ಚಿದಂಬರದ ಬಳಿಯ ಪಿಚ್ಚಾವರಂ ಒಂದು ದಿನದ ಪ್ರಯಾಣದಲ್ಲಿದೆ.

3. ಎಲೆಯಿಂದ ಕೆಸರಿಗೆ

ಕಾಂಡ್ಲಾವನದ ಮರಗಳಲ್ಲಿ ಇಂಗಾಲದ ಸಂಚಾರ ಆರಂಭವಾಗುವುದು ಇತರ ಸಸ್ಯಗಳಲ್ಲಿರುವಂತೆಯೇ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಬೆಳಕಿನ ಬಲದಿಂದ ಸಕ್ಕರೆಯನ್ನು ಕಟ್ಟುತ್ತದೆ. ಈ ಗಳಿಕೆಯಲ್ಲಿ ಒಂದು ಭಾಗ ಮರದ ಉಸಿರಾಟಕ್ಕೆ ವ್ಯಯವಾಗಿ ಉಳಿದದ್ದು ಕಾಂಡ, ಎಲೆ ಮತ್ತು ಬೇರುಗಳಾಗುತ್ತದೆ. ಉಪ್ಪುನೀರಿನಲ್ಲಿ ನಿಂತ ಮರಕ್ಕೆ ಬೇರಿನ ಖರ್ಚು ಹೆಚ್ಚು. ರೈಜೋಫೋರಾ ಜಾತಿಯ ಮರಗಳು ಕಾಂಡದ ಸುತ್ತ ಊರುಗೋಲಿನಂತಹ ಬೇರುಗಳನ್ನು ಇಳಿಬಿಡುತ್ತವೆ; ಅವಿಸೆನಿಯಾ ಜಾತಿಯವು ಕೆಸರಿನಿಂದ ಮೇಲಕ್ಕೆ ಬೆರಳಿನಂತಹ ಉಸಿರುಬೇರುಗಳನ್ನು ಏಳಿಸುತ್ತವೆ. ಕೆಸರಿನೊಳಗೆ ನವುರಾದ ಬೇರುಗಳು ಸತತವಾಗಿ ಹುಟ್ಟಿ ಸಾಯುತ್ತಿರುತ್ತವೆ. ಸತ್ತ ಬೇರು ಹೊರಬರುವುದಿಲ್ಲ, ಇದ್ದಲ್ಲಿಯೇ ಹೂತುಹೋಗುತ್ತದೆ. ಕೆಸರಿನ ಇಂಗಾಲಕ್ಕೆ ಇದೊಂದು ಮುಖ್ಯ ಮೂಲ.

ಎರಡನೆಯ ಮೂಲ ಉದುರಿದ ಎಲೆ. ಹಳದಿಯಾಗಿ ನೀರಿಗೆ ಬಿದ್ದ ಎಲೆಯಿಂದ ಮೊದಲ ಕೆಲವು ವಾರಗಳಲ್ಲಿ ಸಕ್ಕರೆ, ಟ್ಯಾನಿನ್ ಮೊದಲಾದ ಕರಗುವ ವಸ್ತುಗಳು ಸೋರಿಹೋಗುತ್ತವೆ. ಅಳಿವೆಯ ಕಾಲುವೆಗಳಲ್ಲಿ ಇಳಿತದ ನೀರು ಚಹದ ಬಣ್ಣ ತಾಳುವುದಕ್ಕೆ ಇದೂ ಒಂದು ಕಾರಣ. ಈ ರೂಪವನ್ನು ‘ಕರಗಿದ ಸಾವಯವ ಇಂಗಾಲ’ ಎನ್ನಬಹುದು. ಉಳಿದ ಎಲೆ ಚೂರುಚೂರಾಗಿ ತೇಲಿದರೆ ಅದು ‘ಕಣರೂಪದ ಸಾವಯವ ಇಂಗಾಲ’.

1960ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹೀಲ್ಡ್ ಮತ್ತು ಓಡಮ್ ಎಂಬ ವಿಜ್ಞಾನಿಗಳು ಈ ಎಲೆಚೂರುಗಳ ಜಾಡನ್ನು ಹಿಡಿದು, ಅವೇ ಅಳಿವೆಯ ಮೀನುಗಳ ಆಹಾರಸರಪಳಿಗೆ ಆಧಾರವೆಂದು ತೋರಿಸಿದರು. ಕಾಂಡ್ಲಾವನವು ಸಮುದ್ರಕ್ಕೆ ಅನ್ನವಿಡುತ್ತದೆ ಎಂಬ ಕಲ್ಪನೆ ಆ ಬಳಿಕ ಬಹುಕಾಲ ಪ್ರಚಲಿತವಾಗಿತ್ತು. ಮುಂದೆ ಇಂಗಾಲದ ಸ್ಥಿರ ಸಮಸ್ಥಾನಿಗಳನ್ನು ಅಳೆಯುವ ವಿಧಾನ ಬಂದಾಗ ಚಿತ್ರ ತಿದ್ದುಪಡಿಯಾಯಿತು. ಕಾಂಡ್ಲದ ಎಲೆಯಲ್ಲಿ ಭಾರವಾದ ಇಂಗಾಲ-13ರ ಪ್ರಮಾಣ ಸಮುದ್ರದ ಸೂಕ್ಷ್ಮ ಪಾಚಿಗಿಂತ ಕಡಿಮೆ. ಆದ್ದರಿಂದ ಮೀನಿನ ಮಾಂಸದಲ್ಲಿ ಅಥವಾ ಕೆಸರಿನಲ್ಲಿ ಇರುವ ಇಂಗಾಲ ಯಾವ ಮೂಲದ್ದೆಂದು ಸ್ಥೂಲವಾಗಿ ಹೇಳಬಹುದು. ಅನೇಕ ಜಲಚರಗಳು ಎಲೆಗಿಂತ ಪಾಚಿಯನ್ನೇ ಹೆಚ್ಚು ಅವಲಂಬಿಸಿವೆಯೆಂದೂ, ವನದ ಎಲೆಯ ಇಂಗಾಲ ಬಹುಪಾಲು ಸಮೀಪದಲ್ಲಿಯೇ ಉಳಿಯುತ್ತದೆಂದೂ ಈ ವಿಧಾನದಿಂದ ತಿಳಿದುಬಂದಿತು.

ಎಲೆಯನ್ನು ಅಲ್ಲಿಯೇ ಹಿಡಿದಿಡುವ ಕೆಲಸದಲ್ಲಿ ಏಡಿಗಳ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಸೆಸಾರ್ಮಿಡ್ ಕುಟುಂಬದ ಏಡಿಗಳು ಬಿದ್ದ ಎಲೆಯನ್ನು ಬಿಲದೊಳಕ್ಕೆ ಎಳೆದುಕೊಂಡು ಹೋಗಿ ಕೂಡಿಡುತ್ತವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ರೈಜೋಫೋರಾ ವನದ ಎಲೆರಾಶಿಯಲ್ಲಿ ಕಾಲು ಭಾಗಕ್ಕೂ ಹೆಚ್ಚನ್ನು, ಮೇಲ್ಮಟ್ಟದ ಕೆಲವು ವನಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚನ್ನು ಏಡಿಗಳು ಒಯ್ದದ್ದು ಕಂಡುಬಂದಿತು. ಏಡಿ ಹೂಳದಿದ್ದರೆ ಅದೇ ಎಲೆ ಮುಂದಿನ ಇಳಿತದಲ್ಲಿ ತೇಲಿಹೋಗುತ್ತಿತ್ತು.

ಇವೆರಡರ ಜೊತೆಗೆ ಮೂರನೆಯ ಮೂಲವೂ ಉಂಟು. ನದಿ ತಂದ ಮಣ್ಣಿನ ಕಣಗಳು, ಸಮುದ್ರ ತಂದ ಪಾಚಿಯ ಅವಶೇಷಗಳು ಬೇರುಗಳ ಜಾಲಕ್ಕೆ ಸಿಕ್ಕಿ ವೇಗ ಕಳೆದುಕೊಂಡು ಕೆಳಗಿಳಿಯುತ್ತವೆ. ಹೀಗಾಗಿ ಕಾಂಡ್ಲಾವನದ ಕೆಸರಿನಲ್ಲಿರುವ ಇಂಗಾಲವೆಲ್ಲವೂ ಕಾಂಡ್ಲದ್ದೇ ಎಂದು ತಿಳಿಯಬಾರದು.

4. ಕೆಸರಿನೊಳಗೆ

ಕಾಡಿನ ನೆಲದಲ್ಲಿ ಬಿದ್ದ ಎಲೆಯನ್ನು ಗೆದ್ದಲು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳು ಆಮ್ಲಜನಕದ ನೆರವಿನಿಂದ ಕೆಲವೇ ತಿಂಗಳಲ್ಲಿ ಮುಗಿಸಿಬಿಡುತ್ತವೆ. ಕಾಂಡ್ಲಾವನದ ಕೆಸರಿನಲ್ಲಿ ಆಮ್ಲಜನಕ ಇರುವುದು ಮೇಲಿನ ಕೆಲವು ಮಿಲಿಮೀಟರುಗಳಲ್ಲಿ ಮಾತ್ರ. ಏಡಿಯ ಬಿಲ ಮತ್ತು ಬೇರಿನ ಸುತ್ತಲಿನ ತೆಳುಪದರವನ್ನು ಬಿಟ್ಟರೆ ಅದರ ಕೆಳಗೆಲ್ಲ ನಿರ್ವಾತ ಸ್ಥಿತಿಯಂತಹ ಆಮ್ಲಜನಕಶೂನ್ಯ ಲೋಕ. ಅಲ್ಲಿನ ಸೂಕ್ಷ್ಮಜೀವಿಗಳು ನೈಟ್ರೇಟ್, ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳನ್ನು, ಅವೂ ಮುಗಿದಾಗ ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನು ಆಶ್ರಯಿಸುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅದನ್ನು ಬಳಸಿದಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಬರುವ ಕೊಳೆತ ಮೊಟ್ಟೆಯ ವಾಸನೆಗೆ ಕಾರಣ.

ಈ ದಾರಿಗಳಿಂದ ದೊರೆಯುವ ಶಕ್ತಿ ಆಮ್ಲಜನಕದ ದಾರಿಗಿಂತ ಕಡಿಮೆ. ಅದರ ಮೇಲೆ ಕಾಂಡ್ಲದ ಬೇರಿನಲ್ಲಿ ಲಿಗ್ನಿನ್ ಹೆಚ್ಚು. ಆದ್ದರಿಂದ ಕೊಳೆಯುವಿಕೆ ಮಂದವಾಗಿ, ಕೊಳೆತುದಕ್ಕಿಂತ ಹೂತುಹೋದದ್ದು ಹೆಚ್ಚಾಗಿ, ಶತಮಾನಗಳ ಕಾಲ ಪದರದ ಮೇಲೆ ಪದರ ಬೆಳೆಯುತ್ತದೆ. ಸಮುದ್ರದ ಮಟ್ಟ ಮೆಲ್ಲಗೆ ಏರುತ್ತಿರುವೆಡೆ ಈ ಕೆಸರು ಸಹ ಅದರೊಡನೆ ಏರಬಲ್ಲದು. ಆದಕಾರಣ ಇತರ ಕಾಡುಗಳ ಮಣ್ಣು ತುಂಬಿ ನಿಲ್ಲುವ ಹಂತವನ್ನು ಇದು ಬೇಗನೆ ಮುಟ್ಟುವುದಿಲ್ಲ.

ಸಂಗ್ರಹದ ಪ್ರಮಾಣವನ್ನು ಕುರಿತು ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ 2011ರಲ್ಲಿ ಡೊನಾಟೊ ಮತ್ತು ಸಂಗಡಿಗರು ಪ್ರಕಟಿಸಿದ್ದು. ಹಿಂದೂ ಮಹಾಸಾಗರ ಮತ್ತು ಶಾಂತಸಾಗರ ವಲಯದ 25 ವನಗಳಲ್ಲಿ ಅವರು ಕಂಡ ಸರಾಸರಿ ಹೆಕ್ಟೇರಿಗೆ 1,023 ಟನ್ ಇಂಗಾಲ. ಇದರಲ್ಲಿ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಾಗುತ್ತ ಶೇ. 49ರಿಂದ ಶೇ. 98ರವರೆಗೆ ಇದ್ದದ್ದು ಮಣ್ಣಿನಲ್ಲಿ. ಜಗತ್ತಿನ ಕಾಂಡ್ಲಾವನಗಳ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿಯೇ 2000ನೆಯ ಇಸವಿಯಲ್ಲಿ ಸುಮಾರು 640 ಕೋಟಿ ಟನ್ ಇಂಗಾಲವಿತ್ತೆಂದು 2018ರಲ್ಲಿ ಪ್ರಕಟವಾದ ಮತ್ತೊಂದು ಅಂದಾಜು ಹೇಳುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಸರಾಸರಿಗಳನ್ನು ಹಾಗೆಯೇ ತಂದು ಭಾರತದ ವನಗಳಿಗೆ ಹೊಂದಿಸುವುದು ಸರಿಯಲ್ಲ. ಬೇರುಗಳೇ ಹೆಪ್ಪುಗಟ್ಟಿ ಮಣ್ಣಾದ ದ್ವೀಪಗಳ ಕೆಸರು ಬೇರೆ, ಹಿಮಾಲಯದ ನದಿಗಳು ರಾಶಿ ರಾಶಿ ಖನಿಜ ಮಣ್ಣನ್ನು ತಂದು ಸುರಿದ ಸುಂದರಬನದ ಕೆಸರು ಬೇರೆ. ಸುಂದರಬನದ ಮಣ್ಣಿನಲ್ಲಿ ಸಾವಯವ ಇಂಗಾಲದ ಅಂಶ ಆಗ್ನೇಯ ಏಷ್ಯದ ವನಗಳಿಗಿಂತ ಕಡಿಮೆ. ಅಲ್ಲಿಯ ಸಂಗ್ರಹದ ಮಹತ್ವ ಬರುವುದು ಮುಖ್ಯವಾಗಿ ವಿಸ್ತಾರದಿಂದ.

ಮೀಥೇನಿನ ವಿಚಾರವನ್ನೂ ಇಲ್ಲಿಯೇ ಹೇಳುವುದು ಯುಕ್ತ. ಸಲ್ಫೇಟ್ ಸಾಕಷ್ಟಿರುವಲ್ಲಿ ಅದನ್ನು ಬಳಸುವ ಬ್ಯಾಕ್ಟೀರಿಯಗಳು ಮೀಥೇನ್ ಉತ್ಪಾದಕ ಜೀವಿಗಳಿಗೆ ಆಹಾರ ದೊರೆಯದಂತೆ ಮಾಡುತ್ತವೆ. ಉಪ್ಪು ಕಡಿಮೆಯಾದಂತೆ ಈ ಕಡಿವಾಣ ಸಡಿಲುತ್ತದೆ. ಕಾಂಡ್ಲಾವನಗಳಿಂದ ಹೊರಬರುವ ಮೀಥೇನ್, 20 ವರ್ಷಗಳ ಅವಧಿಯ ತಾಪಮಾನ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದರೆ, ಅಲ್ಲಿ ಹೂತುಹೋಗುವ ಇಂಗಾಲದ ಲಾಭದಲ್ಲಿ ಸರಾಸರಿ ಐದನೆಯ ಒಂದು ಭಾಗವನ್ನು ಕಳೆಯುತ್ತದೆಂದು 2018ರ ಒಂದು ಅಧ್ಯಯನ ಲೆಕ್ಕಹಾಕಿದೆ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಅಳಿವೆಗಳ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಬೇಸಗೆಯಲ್ಲಿ ಮಾತ್ರ ಅಳತೆ ಮಾಡಿ ವರ್ಷದ ಲೆಕ್ಕ ಹೇಳುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

5. ಲೆಕ್ಕಕ್ಕೆ ಸಿಗದ ಅರ್ಧ

ಕಾಂಡ್ಲಾವನದ ಇಂಗಾಲದ ಜಮಾಖರ್ಚನ್ನು ಜಾಗತಿಕವಾಗಿ ಬರೆದು ನೋಡುವ ಪ್ರಯತ್ನವನ್ನು 2008ರಲ್ಲಿ ಬುಯಾನ್ ಮತ್ತು ಸಂಗಡಿಗರು ಮಾಡಿದರು. ಮರಗಳು ವರ್ಷಕ್ಕೆ ನಿವ್ವಳವಾಗಿ ಗಳಿಸುವುದು ಸುಮಾರು 21.8 ಕೋಟಿ ಟನ್ ಇಂಗಾಲ ಎಂದು ಅವರ ಅಂದಾಜು. ಖರ್ಚಿನ ಬದಿಯಲ್ಲಿ ಅದುವರೆಗೆ ತಿಳಿದಿದ್ದ ಬಾಬುಗಳು ಮೂರು: ಸಮುದ್ರಕ್ಕೆ ಹೋಗುವ ಸಾವಯವ ಇಂಗಾಲ, ಕೆಸರಿನಲ್ಲಿ ಹೂತುಹೋಗುವುದು, ಮಣ್ಣು ಮತ್ತು ನೀರಿನ ಮೇಲ್ಮೈಯಿಂದ ಗಾಳಿಗೆ ಮರಳುವ ಡೈಆಕ್ಸೈಡ್. ಈ ಮೂರನ್ನೂ ಕೂಡಿಸಿದರೂ ಗಳಿಕೆಯ ಅರ್ಧಕ್ಕೆ ತಲುಪಲಿಲ್ಲ. ಸುಮಾರು 11.2 ಕೋಟಿ ಟನ್ನಿನ ಗತಿ ತಿಳಿಯಲಿಲ್ಲ. ಈ ಅಂಕಿಯಲ್ಲಿ ಅನಿಶ್ಚಿತತೆ ಬಹಳವಿದೆಯೆಂದು ಅವರೇ ಹೇಳಿದ್ದರು; ಆದರೂ ಇಷ್ಟು ದೊಡ್ಡ ಕೊರತೆಯನ್ನು ಅಳತೆಯ ದೋಷವೆಂದು ತಳ್ಳಿಹಾಕುವಂತಿರಲಿಲ್ಲ.

ಉತ್ತರ ದೊರೆತದ್ದು ಇಳಿತದ ನೀರಿನಲ್ಲಿ. ಉಬ್ಬರ ಬಂದಾಗ ನೀರು ಏಡಿಯ ಬಿಲಗಳಿಗೂ ಕೆಸರಿನ ರಂಧ್ರಗಳಿಗೂ ತುಂಬಿಕೊಳ್ಳುತ್ತದೆ. ಅಲ್ಲಿ ಕೊಳೆಯುವಿಕೆಯಿಂದ ಹುಟ್ಟಿದ ಡೈಆಕ್ಸೈಡ್ ಈ ನೀರಿನಲ್ಲಿ ಕರಗುತ್ತದೆ. ಅದರೊಡನೆ ಬೈಕಾರ್ಬನೇಟ್ ಸಹ ಸೇರುತ್ತದೆ. ಇಳಿತದಲ್ಲಿ ಸುತ್ತಲಿನ ಕಾಲುವೆಯ ಮಟ್ಟ ತಗ್ಗಿದಾಗ ಕೆಸರಿನೊಳಗಿನ ನೀರು ಸೋರಿ ಕಾಲುವೆಗೆ ಇಳಿಯುತ್ತದೆ. ಬಾವಿಯ ಕೊಡದಂತೆ ದಿನಕ್ಕೆರಡು ಬಾರಿ ನಡೆಯುವ ಈ ಎತ್ತುವಿಕೆಯನ್ನು ‘ಉಬ್ಬರದ ಏತ’ ಎಂದು ಕರೆಯೋಣ. ಆಸ್ಟ್ರೇಲಿಯದ ಮೋರ್ಟನ್ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಮಾಹರ್ ಮತ್ತು ಸಂಗಡಿಗರು ಉಬ್ಬರವಿಳಿತದ ಪೂರ್ಣಾವಧಿಯಲ್ಲಿ ನೀರನ್ನು ಪರೀಕ್ಷಿಸಿ, ಈ ರೀತಿ ಹೊರಹೋಗುವ ‘ಕರಗಿದ ನಿರವಯವ ಇಂಗಾಲ’ವೇ ಕಾಣೆಯಾದ ಪಾಲಿನ ಮುಖ್ಯ ಅಂಶವಾಗಿರಬಹುದೆಂದು 2013ರಲ್ಲಿ ತೋರಿಸಿದರು. ಎಲೆಚೂರುಗಳನ್ನು ಬಲೆಯಲ್ಲಿ ಹಿಡಿದು ತೂಗುತ್ತಿದ್ದ ಹಿಂದಿನ ಅಧ್ಯಯನಗಳಿಗೆ ಇದು ಸಿಕ್ಕಿರಲಿಲ್ಲ, ಏಕೆಂದರೆ ಬಲೆಯ ಕಣ್ಣಿನಲ್ಲಿ ಅದು ನೀರಿನಂತೆಯೇ ಹಾದುಹೋಗುತ್ತದೆ.

ಹೀಗೆ ಹೊರಹೋದ ಇಂಗಾಲ ನಷ್ಟವೋ ಲಾಭವೋ ಎಂಬುದು ಅದರ ರೂಪವನ್ನು ಅವಲಂಬಿಸಿದೆ. ಡೈಆಕ್ಸೈಡಾಗಿ ಕರಗಿದ್ದುದು ಕಾಲುವೆಯಲ್ಲಿಯೇ ಗಾಳಿಗೆ ಹಾರಿಹೋಗುತ್ತದೆ. ಬೈಕಾರ್ಬನೇಟಾಗಿದ್ದು ಅದಕ್ಕೆ ಜೊತೆಯಾಗಿ ನೀರಿನ ಕ್ಷಾರತೆಯೂ ಹೆಚ್ಚಿದ್ದರೆ ಆ ಇಂಗಾಲ ಸಮುದ್ರದಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು. ಕೆಸರಿನಲ್ಲಿ ಸಲ್ಫೇಟಿನ ಬಳಕೆ ಈ ಕ್ಷಾರತೆಯನ್ನು ಹುಟ್ಟಿಸುತ್ತದೆ. ಆದರೆ ಹುಟ್ಟಿದ ಸಲ್ಫೈಡ್ ಮತ್ತೆ ಆಮ್ಲಜನಕದೊಡನೆ ಕೂಡಿದರೆ ಆಮ್ಲವುಂಟಾಗಿ ಗಳಿಸಿದ ಕ್ಷಾರತೆ ಕಳೆದುಹೋಗುತ್ತದೆ. ಸಲ್ಫೈಡು ಕಬ್ಬಿಣದೊಡನೆ ಸೇರಿ ಪೈರೈಟ್ ಎಂಬ ಖನಿಜವಾಗಿ ಕೆಸರಿನಲ್ಲಿ ಹೂತುಹೋದರೆ ಮಾತ್ರ ಗಳಿಕೆ ಉಳಿಯುತ್ತದೆ. ಅಂದರೆ ಸಮುದ್ರಕ್ಕೆ ಸೇರಿದ ಬೈಕಾರ್ಬನೇಟಿನ ಭದ್ರತೆಗೂ ಕೆಸರಿನಲ್ಲಿ ಕದಲದೆ ಉಳಿದ ಪೈರೈಟಿಗೂ ನೇರ ಸಂಬಂಧವಿದೆ. ಈ ಸಂಬಂಧವನ್ನು ಮನದಲ್ಲಿಟ್ಟುಕೊಂಡು ಮುಂದಿನ ಭಾಗವನ್ನು ಓದಬೇಕೆಂದು ಕೋರುತ್ತೇವೆ.

6. ಕೆಸರು ಒಣಗಿದಾಗ

ಒಡ್ಡು ಕಟ್ಟಿ ಉಬ್ಬರವನ್ನು ತಡೆದರೆ, ಅಥವಾ ಮರ ಕಡಿದು ಕೆಸರನ್ನು ಬಿಸಿಲಿಗೆ ಬಿಟ್ಟರೆ ಮೂರು ಬದಲಾವಣೆಗಳು ಒಟ್ಟಿಗೆ ಸಂಭವಿಸುತ್ತವೆ. ಆಮ್ಲಜನಕ ಕೆಸರಿನೊಳಕ್ಕೆ ಇಳಿದು ಶತಮಾನಗಳಿಂದ ಹೂತಿದ್ದ ಸಾವಯವ ವಸ್ತು ಕೊಳೆಯಲು ಆರಂಭಿಸುತ್ತದೆ. ಪೈರೈಟ್ ಆಮ್ಲಜನಕದೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ಬೇರಿನ ಆಧಾರ ಮತ್ತು ನೀರು ಎರಡನ್ನೂ ಕಳೆದುಕೊಂಡ ನೆಲ ಕುಸಿಯುತ್ತದೆ. ಕೇರಳದ ಕುಟ್ಟನಾಡಿನ ‘ಕರಿ’ ಮಣ್ಣಿನ ತೀವ್ರ ಆಮ್ಲತೆಗೆ ಇಂತಹ ಗಂಧಕಯುಕ್ತ ಹಳೆಯ ಕೆಸರೇ ಕಾರಣ ಎಂಬುದು ಕೃಷಿವಿಜ್ಞಾನಿಗಳಿಗೆ ಚಿರಪರಿಚಿತ ಸಂಗತಿ.

ಮಧ್ಯ ಅಮೆರಿಕದ ಬೆಲೀಜ್ ದೇಶದ ಟ್ವಿನ್ ಕೇಸ್ ದ್ವೀಪಗಳಲ್ಲಿ ಲವ್‌ಲಾಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಮರ ಕಡಿದ ಮೊದಲ ವರ್ಷದಲ್ಲಿ ಕೆಸರಿನಿಂದ ಒಂದು ಚದರ ಕಿ.ಮೀ.ಗೆ ಸುಮಾರು 10,600 ಟನ್ ಡೈಆಕ್ಸೈಡ್ ಹೊರಬಂದಿತು. 20 ವರ್ಷಗಳ ಬಳಿಕವೂ ವರ್ಷಕ್ಕೆ ಸುಮಾರು 3,000 ಟನ್ ಬರುತ್ತಿತ್ತು. ಇದನ್ನು ಹೂಳುವಿಕೆಯ ವೇಗದೊಡನೆ ಹೋಲಿಸೋಣ. 2011ರ ಒಂದು ವಿಮರ್ಶೆಯಂತೆ ಕಾಂಡ್ಲಾವನದಲ್ಲಿ ಹೂತುಹೋಗುವ ಇಂಗಾಲ ವರ್ಷಕ್ಕೆ ಚದರ ಮೀಟರಿಗೆ ಸರಾಸರಿ 226 ಗ್ರಾಂ, ಅಂದರೆ ಹೆಕ್ಟೇರಿಗೆ 2.26 ಟನ್. ಬೆಲೀಜಿನಲ್ಲಿ 20 ವರ್ಷದ ಹಿಂದೆ ಕಡಿದ ನೆಲದಿಂದ ಹೊರಹೋಗುತ್ತಿದ್ದುದು, ಡೈಆಕ್ಸೈಡನ್ನು ಇಂಗಾಲಕ್ಕೆ ಪರಿವರ್ತಿಸಿದರೆ, ಹೆಕ್ಟೇರಿಗೆ ಸುಮಾರು 8.2 ಟನ್. ಒಂದು ಹೆಕ್ಟೇರ್ ಆರೋಗ್ಯಕರ ವನ ಹೂಳುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚನ್ನು ಒಂದು ಹೆಕ್ಟೇರ್ ಹಾಳುನೆಲ ಉಗುಳುತ್ತಿತ್ತೆಂದಾಯಿತು. ಬೆಲೀಜಿನ ಮಣ್ಣು ಬೇರುಗಳಿಂದಲೇ ಆದದ್ದು; ನಮ್ಮ ನದೀಮುಖಗಳಲ್ಲಿ ಅಂಕಿ ಬೇರೆಯಾದೀತು. ಆದರೆ ಪ್ರಕ್ರಿಯೆಯ ದಿಕ್ಕು ಒಂದೇ.

ಇನ್ನೊಂದು ಸರಳ ಲೆಕ್ಕ. ಒಂದು ಹೆಕ್ಟೇರ್ ಕೆಸರಿನಲ್ಲಿ 700 ಟನ್ ಇಂಗಾಲವಿದೆಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಮೇಲಿನ ಸರಾಸರಿ ವೇಗದಲ್ಲಿ ಅಷ್ಟನ್ನು ಮತ್ತೆ ಹೂಳಲು 300 ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟೂ ಒಮ್ಮೆಗೇ ಕಳೆದುಹೋಗುತ್ತದೆಂದು ನಾವು ಹೇಳುತ್ತಿಲ್ಲ. ಆಳದ ಪದರಗಳು ನೀರಿನಲ್ಲಿಯೇ ಇದ್ದರೆ ಉಳಿಯಬಹುದು. ಆದರೆ ಕಳೆದುಹೋದದ್ದು ಯಾರ ಜೀವಿತಾವಧಿಯಲ್ಲಿಯೂ ಮರಳಿ ಬಾರದು.

ನೆಲ ಕುಸಿಯುವುದರ ಪರಿಣಾಮವನ್ನು ಕಣ್ಣಾರೆ ನೋಡಬಯಸುವವರು ಪಿಚ್ಚಾವರಂಗೆ ಹೋಗಬಹುದು. ತಮಿಳುನಾಡಿನ ವೆಳ್ಳಾರು ಮತ್ತು ಕೊಳ್ಳಿಡಂ ಅಳಿವೆಗಳ ನಡುವೆ ಇರುವ ಈ ವನದಲ್ಲಿ ಬ್ರಿಟಿಷರ ಕಾಲದಿಂದ ಹಲವು ದಶಕಗಳವರೆಗೆ ಸರದಿಯ ಮೇಲೆ ಪಟ್ಟಿಪಟ್ಟಿಯಾಗಿ ಮರ ಕಡಿಯುವ ಪದ್ಧತಿಯಿತ್ತು. ಕಡಿದ ಪಟ್ಟಿಗಳು ಬಿಸಿಲಿಗೆ ಒಣಗಿ ಕುಸಿದು ತಟ್ಟೆಯಂತಾದವು. ಉಬ್ಬರದಲ್ಲಿ ಅದಕ್ಕೆ ಹೊಕ್ಕ ನೀರು ಇಳಿತದಲ್ಲಿ ಹೊರಬರಲಾರದೆ ನಿಂತು, ಆವಿಯಾಗಿ, ಉಪ್ಪು ಹೆಚ್ಚಿತು. ನೆಟ್ಟ ಸಸಿಯೂ ಬಿದ್ದ ಬೀಜವೂ ಬದುಕಲಿಲ್ಲ. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಅರಣ್ಯ ಇಲಾಖೆ ಹಾಗೂ ಗ್ರಾಮಸ್ಥರೊಡನೆ ಸೇರಿ ಅಲ್ಲಿ ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಕಾಲುವೆಗಳನ್ನು ತೋಡಿ ಉಬ್ಬರವಿಳಿತದ ಸಂಚಾರವನ್ನು ಮರಳಿಸಿತು. ಉಪ್ಪು ಇಳಿದ ಬಳಿಕ ಸಸಿಗಳು ನಿಂತವು. ಮೊದಲು ನೀರಿನ ದಾರಿ, ಅನಂತರ ಸಸಿ ಎಂಬ ಕ್ರಮವನ್ನು ಈ ಪ್ರಯೋಗ ಸ್ಪಷ್ಟಪಡಿಸಿತು.

7. ಮರವೆಣಿಕೆಯ ಮಿತಿ

ಮುಂಬಯಿಯ ಓದುಗರಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಮಹಾರಾಷ್ಟ್ರದ ಕಾಂಡ್ಲಾವನಗಳ ನಾಶ ನಾಗರಿಕರ ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಸಾರಿತು. ಸಾರ್ವಜನಿಕ ಹಿತಕ್ಕೆ ಅನಿವಾರ್ಯವಾದ ಹೊರತು ಕಡಿಯಬಾರದೆಂದಿತು. 2022ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗಕ್ಕಾಗಿ ಸುಮಾರು 22,000 ಕಾಂಡ್ಲ ಮರಗಳನ್ನು ಕಡಿಯಲು ಅದೇ ನ್ಯಾಯಾಲಯ ಷರತ್ತುಗಳೊಡನೆ ಅನುಮತಿಯಿತ್ತಿತು. ಈ ನಿರ್ಣಯಗಳ ಔಚಿತ್ಯವನ್ನು ವಿಮರ್ಶಿಸುವುದು ನಮ್ಮ ಉದ್ದೇಶವಲ್ಲ. ಚರ್ಚೆಯೆಲ್ಲ ಮರಗಳ ಸಂಖ್ಯೆಯಲ್ಲಿ ನಡೆಯಿತು, ಪರಿಹಾರವೂ ನೆಡಬೇಕಾದ ಸಸಿಗಳ ಸಂಖ್ಯೆಯಲ್ಲಿಯೇ ನಿಗದಿಯಾಯಿತು ಎಂಬುದರ ಕಡೆಗೆ ಮಾತ್ರ ಓದುಗರ ಗಮನ ಸೆಳೆಯುತ್ತೇವೆ. ಆ ಮರಗಳ ಕೆಳಗೆ ಎಷ್ಟು ಆಳದ ಕೆಸರು ಕದಲುತ್ತದೆ, ಯಾವ ಕಾಲುವೆಯ ಉಬ್ಬರ ತಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಮರವೆಣಿಕೆಯಲ್ಲಿ ಸ್ಥಳವಿಲ್ಲ.

ಸಸಿಗಳ ಸಂಖ್ಯೆಯೂ ನಂಬಲರ್ಹ ಅಳತೆಯಲ್ಲ. ಫಿಲಿಪೀನ್ಸಿನ ನೆಡುತೋಪುಗಳನ್ನು ಕುರಿತು 2008ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಅಪಾರ ಹಣ ವ್ಯಯಿಸಿದ್ದರೂ ದೀರ್ಘಕಾಲ ಬದುಕುಳಿದ ಸಸಿಗಳು ಸಾಮಾನ್ಯವಾಗಿ ಶೇ. 10ರಿಂದ 20 ಮಾತ್ರ ಎಂದು ಹೇಳಿತು. ಕಾಂಡ್ಲ ಸಹಜವಾಗಿ ಬೆಳೆಯದ, ಅತಿ ತಗ್ಗಾದ ಕೆಸರುಬಯಲಿನಲ್ಲಿ ನೆಟ್ಟದ್ದೇ ಇದಕ್ಕೆ ಮುಖ್ಯ ಕಾರಣ. ನಮ್ಮಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಪ್ರಾರಂಭಿಸಿದ ‘ಮಿಷ್ಟಿ’ ಯೋಜನೆಯ ಗುರಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾವನ. ಈ ಗುರಿಯ ಸಾಫಲ್ಯವನ್ನು ನೆಟ್ಟ ವರ್ಷದ ಸಸಿಗಳಿಂದ ಅಳೆಯುತ್ತೇವೋ, ಹತ್ತು ವರ್ಷದ ಬಳಿಕದ ಕೆಸರಿನಿಂದ ಅಳೆಯುತ್ತೇವೋ ಎಂಬುದರ ಮೇಲೆ ಅದರ ಅರ್ಥ ನಿಂತಿದೆ.

8. ಅಘನಾಶಿನಿಯ ನಿದರ್ಶನ

ಕನ್ನಡ ಕರಾವಳಿಯಲ್ಲಿ ಈ ವಿಚಾರಗಳನ್ನು ಪರೀಕ್ಷಿಸಲು ಅಘನಾಶಿನಿಯ ಅಳಿವೆ ತಕ್ಕ ಸ್ಥಳ. ಅಣೆಕಟ್ಟಿಲ್ಲದೆ ಶಿರಸಿಯ ಕಡೆಯಿಂದ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಯ ಅಳಿವೆ 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ರಾಮ್ಸರ್ ತಾಣವೆಂದು ಘೋಷಿತವಾಯಿತು. ಇಲ್ಲಿ ಕಾಂಡ್ಲಾವನ, ‘ಗಜನಿ’ ಎಂದು ಕರೆಯುವ ಉಪ್ಪುನೆಲದ ಗದ್ದೆ, ಮತ್ತು ‘ಬಳಚು’ ಎಂಬ ಚಿಪ್ಪುಜೀವಿಗಳ ಕೆಸರುದಿಬ್ಬ ಒಂದರ ಪಕ್ಕದಲ್ಲೊಂದಿವೆ.

ಗಜನಿಯ ಪದ್ಧತಿ ಗಮನಾರ್ಹವಾದುದು. ಒಡ್ಡಿನೊಳಗಿನ ನೆಲದಲ್ಲಿ ಮಳೆಗಾಲದ ನೀರು ಉಪ್ಪನ್ನು ತೊಳೆದಾಗ ‘ಕಗ್ಗ’ ಎಂಬ ಉಪ್ಪು ಸಹಿಸುವ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಿನ ನಂತರ ತೂಬು ತೆರೆದು ಉಬ್ಬರದ ನೀರನ್ನು ಒಳಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಒಡ್ಡು ಇದ್ದರೂ ಕೆಸರು ಪೂರ್ತಿ ಒಣಗದು, ನೀರಿನ ಸಂಚಾರ ಪೂರ್ತಿ ನಿಲ್ಲದು. ಆದ್ದರಿಂದ ಇಂಗಾಲದ ಲೆಕ್ಕದಲ್ಲಿ ಗಜನಿಯನ್ನು ಮಣ್ಣು ತುಂಬಿಸಿ ಮುಚ್ಚಿದ ನೆಲದ ಸಾಲಿಗೆ ಸೇರಿಸಲಾಗದು. ಅಖಂಡ ವನದ ಸಾಲಿಗೂ ಸೇರಿಸಲಾಗದು. ಅದಕ್ಕೆ ತನ್ನದೇ ಆದ ಕಾಲಂ ಬೇಕು.

ಬಳಚಿನ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪುಗ್ರಹಿಕೆಯನ್ನು ತಿದ್ದುವುದು ಅವಶ್ಯ. ಚಿಪ್ಪಿನಲ್ಲಿ ಇಂಗಾಲವಿರುವುದರಿಂದ ಅದೂ ಒಂದು ಉಳಿತಾಯವೆಂದು ಕೆಲವರು ಭಾವಿಸುತ್ತಾರೆ. ಚಿಪ್ಪು ಕಟ್ಟುವ ಜೀವಿ ನೀರಿನಿಂದ ಎರಡು ಬೈಕಾರ್ಬನೇಟ್ ಅಯಾನುಗಳನ್ನು ತೆಗೆದುಕೊಂಡು, ಒಂದರ ಇಂಗಾಲವನ್ನು ಚಿಪ್ಪಿನಲ್ಲಿಡುತ್ತದೆ, ಇನ್ನೊಂದರದನ್ನು ಡೈಆಕ್ಸೈಡಾಗಿ ಬಿಡುತ್ತದೆ. ನೀರಿನ ಕ್ಷಾರತೆಯೂ ತಗ್ಗುತ್ತದೆ. ವನದ ಕೆಸರು ನೀರಿಗೆ ಕೊಟ್ಟ ಕ್ಷಾರತೆಯ ಒಂದಂಶವನ್ನು ಕೆಳಗಿನ ದಿಬ್ಬದ ಬಳಚು ತೆಗೆದುಕೊಳ್ಳುತ್ತದೆ. ಸುತ್ತಲಿನ ಹಳ್ಳಿಗಳ ಅನೇಕ ಕುಟುಂಬಗಳಿಗೆ ಬಳಚು ಜೀವನಾಧಾರ. ಅದರ ಮಹತ್ವವನ್ನು ಇಂಗಾಲದ ತಕ್ಕಡಿಯಲ್ಲಿ ತೂಗಬೇಕಾದ ಅಗತ್ಯವಿಲ್ಲ. ಅಳಿವೆಯ ಒಂದು ಭಾಗವನ್ನು ಮಾತ್ರ ಅಳೆದು ಇಡೀ ಅಳಿವೆಯ ಲೆಕ್ಕ ಹೇಳಲಾಗದು ಎಂಬುದಷ್ಟೇ ಇದರಿಂದ ತಿಳಿಯಬೇಕಾದದ್ದು.

9. ಉಪಸಂಹಾರ

ಕಾಂಡ್ಲಾವನದಲ್ಲಿ ಅಧ್ಯಯನ ಕೈಗೊಳ್ಳುವವರು ಕನಿಷ್ಠ ನಾಲ್ಕು ಅಂಶಗಳನ್ನು ದಾಖಲಿಸಬೇಕೆಂದು ನಮ್ಮ ಸೂಚನೆ. ಒಂದು, ಕೆಸರಿನ ಆಳ ಮತ್ತು ಪದರಪದರವಾಗಿ ಅದರ ಸಾಂದ್ರತೆ ಹಾಗೂ ಇಂಗಾಲದ ಅಂಶ. ಎರಡು, ಸಮಸ್ಥಾನಿಗಳ ನೆರವಿನಿಂದ ಆ ಇಂಗಾಲದ ಮೂಲ, ಸೀಸ-210ರ ನೆರವಿನಿಂದ ಹೂಳಿನ ವೇಗ. ಮೂರು, ಉಬ್ಬರವಿಳಿತದ ಎರಡು ಪೂರ್ಣ ಆವರ್ತನಗಳಲ್ಲಿ, ಅಂದರೆ ಸುಮಾರು 25 ಗಂಟೆಗಳ ಕಾಲ, ಕಾಲುವೆಯ ನೀರಿನ ನಿರವಯವ ಇಂಗಾಲ ಮತ್ತು ಕ್ಷಾರತೆ. ನಾಲ್ಕು, ಇದೇ ಅಳತೆಗಳು ಮಳೆಗಾಲದಲ್ಲಿ ಮತ್ತೊಮ್ಮೆ. ಇವುಗಳೊಡನೆ ಸ್ಥಳೀಯರು ಕೆಸರಿಗೂ ನೀರಿಗೂ ಬಳಸುವ ಪದಗಳನ್ನು ಸಂಗ್ರಹಿಸಿದರೆ ಪರಿಭಾಷೆಯ ಕೊರತೆಯೂ ನೀಗೀತು. ಉಬ್ಬರದ ಮಟ್ಟ, ಕೆಸರಿನ ಗಟ್ಟಿತನ, ನೀರಿನ ಉಪ್ಪು ಇವುಗಳ ಸೂಕ್ಷ್ಮ ಭೇದಗಳು ಮೀನುಗಾರರ ಮತ್ತು ಗಜನಿ ರೈತರ ಮಾತಿನಲ್ಲಿ ಬಹುಕಾಲದಿಂದ ನೆಲೆಯಾಗಿವೆ.

ಎಲೆಯಲ್ಲಿ ಆರಂಭವಾದ ಇಂಗಾಲದ ಪಯಣ ಕೆಸರಿನಲ್ಲಿ ಶತಮಾನಗಳ ಕಾಲ ತಂಗುತ್ತದೆ, ಇಲ್ಲವೇ ಆರು ಗಂಟೆಗಳಲ್ಲಿ ಕರಗಿ ಕಡಲಿಗೆ ಸೇರುತ್ತದೆ. ಎರಡಕ್ಕೂ ಬೇಕಾದದ್ದು ತಡೆಯಿಲ್ಲದೆ ಬಂದುಹೋಗುವ ಉಬ್ಬರವಿಳಿತ. ಆ ದಾರಿಯನ್ನು ಮುಚ್ಚಿ ಬೇರೆಡೆ ಎಷ್ಟು ಸಸಿ ನೆಟ್ಟರೂ ಲೆಕ್ಕ ಸರಿಹೋಗದು. ಹೊರನಾಡಿನಲ್ಲಿರುವ ನಮ್ಮ ಸಂಶೋಧಕ ಮಿತ್ರರು ತಮ್ಮ ಊರಿನ ಖಾಡಿ, ಅಳಿವೆ, ಹಿನ್ನೀರುಗಳಲ್ಲಿ ಈ ಅಳತೆಗಳನ್ನು ಕೈಗೊಂಡು ಕನ್ನಡದಲ್ಲಿ ಬರೆದರೆ ವಿಜ್ಞಾನಕ್ಕೂ ಭಾಷೆಗೂ ಉಪಕಾರವಾದೀತೆಂದು ನಂಬಿದ್ದೇವೆ.